ವಾರಕ್ಕೆ ಆರು ದಿನ ಜಿಮ್, ದಿನಕ್ಕೆ 1200 ಕ್ಯಾಲರಿ, ಆದರೂ ತೂಕ ಯಾಕೆ ಇಳೀತಿಲ್ಲ?

ಪ್ರಶ್ನೆ: ನನಗೆ 38 ವರ್ಷ, ಎತ್ತರ 158 ಸೆಂಟಿಮೀಟರ್. ನಾಲ್ಕೂವರೆ ತಿಂಗಳ ಹಿಂದೆ 84 ಕೆ.ಜಿ. ಇದ್ದೆ. ದಿನಕ್ಕೆ 1200 ಕ್ಯಾಲರಿ ಡಯಟ್ ಶುರು ಮಾಡಿದೆ. ವಾರಕ್ಕೆ ಆರು ದಿನ ಬೆಳಿಗ್ಗೆ ಐದಕ್ಕೆಲ್ಲ ಜಿಮ್‌ನಲ್ಲಿರುತ್ತೇನೆ. ರಾತ್ರಿ ಮಲಗುವಾಗ ಹನ್ನೊಂದೂವರೆ. ನನ್ನ ವಾಚ್ ಪ್ರಕಾರ ದಿನಾ 550 ಕ್ಯಾಲರಿ ಕರಗುತ್ತದೆ. ಭಾನುವಾರ ಮಾತ್ರ ಡಯಟ್‌ಗೂ ಜಿಮ್‌ಗೂ ರಜೆ. ಮೊದಲ ಎರಡು ತಿಂಗಳಲ್ಲಿ 5 ಕೆ.ಜಿ. ಇಳಿಯಿತು. ಆಮೇಲೆ ಹತ್ತು ವಾರದಿಂದ 79ರಲ್ಲೇ ನಿಂತಿದೆ. ಪ್ರತಿ ಸೋಮವಾರ ಬೆಳಿಗ್ಗೆ ತೂಕ ನೋಡಿ ಅಳು ಬರುತ್ತದೆ. ಥೈರಾಯ್ಡ್ ಟೆಸ್ಟ್ ನಾರ್ಮಲ್. ಮೈಗ್ರೇನ್‌ಗೆ ಒಂದು ವರ್ಷದಿಂದ ರಾತ್ರಿ ಅಮಿಟ್ರಿಪ್ಟಿಲಿನ್ ಮಾತ್ರೆ ತಗೊಳ್ತಿದ್ದೇನೆ. ಟ್ರೇನರ್ 900 ಕ್ಯಾಲರಿಗೆ ಇಳಿಸಿ ಅನ್ನುತ್ತಾರೆ. ಗೆಳತಿ, ಕಡಿಮೆ ತಿಂದು ನಿನ್ನ ಮೆಟಬಾಲಿಸಂ ಕೆಟ್ಟುಹೋಗಿದೆ, ಜಾಸ್ತಿ ತಿನ್ನು ಅನ್ನುತ್ತಾಳೆ. ಮನೆಯಲ್ಲಿ ‘ಕದ್ದು ತಿಂತೀಯಾ’ ಅಂತ ತಮಾಷೆ. ಯಾರ ಮಾತು ಸರಿ? ತೂಕ ಇಳಿಸಲು ಈಗ ಬಂದಿರುವ ಇಂಜೆಕ್ಷನ್ ತಗೊಳ್ಳಲಾ?

ಉತ್ತರ: ಮೂವರದ್ದೂ ಸರಿ ಇಲ್ಲ. ಕದ್ದು ತಿನ್ನುವವರು ಇಷ್ಟು ವಿವರವಾಗಿ ಪತ್ರ ಬರೆಯಲ್ಲ, ಅದನ್ನು ಮನೆಯವರಿಗೆ ಮೊದಲು ಹೇಳಿಬಿಡಿ. ನಿಮ್ಮ ಮೆಟಬಾಲಿಸಂ, ಅಂದರೆ ದೇಹ ಕ್ಯಾಲರಿ ಖರ್ಚು ಮಾಡುವ ವ್ಯವಸ್ಥೆ, ಕೆಟ್ಟಿಲ್ಲ. 900 ಕ್ಯಾಲರಿ ಖಂಡಿತ ಬೇಡ. ಇಂಜೆಕ್ಷನ್ ಬಗ್ಗೆ ಆಮೇಲೆ ಮಾತಾಡೋಣ. ಯಾಕೆಂದರೆ ನಿಮ್ಮ ಪತ್ರದೊಳಗೇ ನಾಲ್ಕು ಸುಳಿವುಗಳಿವೆ. ನೀವು ಅವನ್ನು ಸುಮ್ನೆ ಹಾಗೇ ಬರೆದು ಮುಂದೆ ಹೋಗಿದ್ದೀರಿ.

‘ಎಲ್ಲ ಸರಿಯಾಗಿ ಮಾಡ್ತಿದ್ದೀನಿ, ತೂಕ ಮಾತ್ರ ಇಳೀತಿಲ್ಲ’ ಎನ್ನುವುದು ನನ್ನ ಕೋಣೆಯಲ್ಲಿ ನಾನು ಅತಿ ಹೆಚ್ಚು ಕೇಳಿದ ವಾಕ್ಯ ಇರಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಒಳಗೊಳಗೇ ಅನುಮಾನ ಪಡುತ್ತಿದ್ದೆ. ಆಮೇಲೊಮ್ಮೆ ನಾನೇ ಒಂದು ವಾರ ತಿಂದದ್ದನ್ನೆಲ್ಲ ತೂಕ ಮಾಡಿ ಬರೆದಿಟ್ಟೆ. ನನ್ನ ಅಂದಾಜಿಗೂ ತಕ್ಕಡಿಗೂ ಇದ್ದ ದೂರ ನೋಡಿ ನಾಚಿಕೆಯಾಯಿತು. ಅಲ್ಲಿಂದ ಯಾರನ್ನೂ ಅನುಮಾನಿಸುವ ಗೋಜಿಗೆ ಹೋಗಿಲ್ಲ.

ಮೊದಲು ಆ 5 ಕೆ.ಜಿ. ವಿಷಯ. ಅದರಲ್ಲಿ ಎಲ್ಲವೂ ಕೊಬ್ಬಲ್ಲ. ನಮ್ಮ ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಇರುತ್ತದೆ. ಅದು ದೇಹ ಕೂಡಿಟ್ಟುಕೊಂಡ ಸಕ್ಕರೆ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಮೂರು ಗ್ರಾಂನಷ್ಟು ನೀರೂ ಇರುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರಗಳಲ್ಲಿ ಈ ಸಕ್ಕರೆ ಖರ್ಚಾಗುತ್ತದೆ, ನೀರೂ ಹೊರಗೆ ಹೋಗುತ್ತದೆ. ಕಾಟಾ ಮೇಲೆ ಮುಳ್ಳು ಸರ್ರನೆ ಇಳಿಯುತ್ತದೆ. ಎಲ್ಲರಿಗೂ ಆ ಖುಷಿ ಸಿಗುತ್ತದೆ, ಆಮೇಲೆ ಅದೇ ವೇಗವನ್ನು ನಿರೀಕ್ಷಿಸುತ್ತಾರೆ. ತೊಂದರೆ ಅಲ್ಲೇ ಶುರು.

ನೀರು ಉಲ್ಟಾ ಆಟವನ್ನೂ ಆಡುತ್ತದೆ. ಹೊಸದಾಗಿ ಭಾರ ಎತ್ತಲು ಶುರು ಮಾಡಿದರೆ ಸ್ನಾಯು ನೊಂದು ನೀರು ಹಿಡಿಯುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎಷ್ಟೋ ಹೆಂಗಸರ ತೂಕ ಒಂದೆರಡು ಕೆ.ಜಿ. ಏರುತ್ತದೆ. ಉಪ್ಪು ಜಾಸ್ತಿಯಾದ ಊಟದ ಮಾರನೇ ದಿನವೂ ಅಷ್ಟೇ. ಈಗ ನಿಮ್ಮ ಸೋಮವಾರವನ್ನು ನೋಡಿ. ಭಾನುವಾರ ಇಷ್ಟ ಬಂದಂತೆ ಊಟ, ಸೋಮವಾರ ಬೆಳಿಗ್ಗೆ ತೂಕ. ವಾರದಲ್ಲಿ ತೂಕ ನೋಡಲು ಇದಕ್ಕಿಂತ ಕೆಟ್ಟ ದಿನ ಇಲ್ಲ. ಆ ದಿನ ನಿಮ್ಮ ಮೈಯಲ್ಲಿ ಒಂದು ಕೆ.ಜಿ.ಯಷ್ಟು ಬರೀ ನೀರು ಜಾಸ್ತಿ ಇದ್ದರೂ ಆಶ್ಚರ್ಯ ಇಲ್ಲ.

ಹಾಗಂತ ಎಲ್ಲ ತಪ್ಪನ್ನೂ ನೀರಿನ ಮೇಲೆ ಹಾಕಲಾರೆ. ನೀರು ಎರಡು, ಮೂರು, ಕೆಲವೊಮ್ಮೆ ನಾಲ್ಕು ವಾರ ಕೊಬ್ಬಿನ ಇಳಿಕೆಯನ್ನು ಮರೆಮಾಡಬಹುದು. ಹತ್ತು ವಾರ ಆಗಲ್ಲ. ಲೆಕ್ಕ ಹಾಕೋಣ. ನಿಮ್ಮ ವಯಸ್ಸು, ಎತ್ತರ, ತೂಕಕ್ಕೆ ಸುಮ್ಮನೆ ಮಲಗಿದ್ದರೂ ದೇಹಕ್ಕೆ ದಿನಕ್ಕೆ ಸುಮಾರು 1400 ಕ್ಯಾಲರಿ ಬೇಕು. ಓಡಾಟ, ಜಿಮ್ ಎಲ್ಲ ಸೇರಿದರೆ 2000ದ ಆಸುಪಾಸು. ಡಯಟ್‌ನಿಂದ ದೇಹ ಖರ್ಚನ್ನು ಸ್ವಲ್ಪ ಬಿಗಿ ಮಾಡಿದೆ ಅಂತ 300 ಕಳೆಯಿರಿ. 1700 ಉಳಿಯಿತು. ನೀವು ನಿಜಕ್ಕೂ 1200 ಮಾತ್ರ ತಿನ್ನುತ್ತಿದ್ದರೆ ದಿನಕ್ಕೆ 500 ಕೊರತೆ. ಹತ್ತು ವಾರಕ್ಕೆ 35,000. ಒಂದು ಕೆ.ಜಿ. ದೇಹದ ಕೊಬ್ಬಿಗೆ ಸುಮಾರು 7700 ಕ್ಯಾಲರಿ. ಅಂದರೆ ನಾಲ್ಕೂವರೆ ಕೆ.ಜಿ. ಇಳಿದಿರಬೇಕಿತ್ತು. ಅಷ್ಟು ಕೊಬ್ಬು ಯಾವ ನೀರಿನ ಹಿಂದೆಯೂ ಅವಿತುಕೊಳ್ಳಲಾರದು.

ಹಾಗಾದರೆ ಈ ಹತ್ತು ವಾರಗಳಲ್ಲಿ, ಸರಾಸರಿಯಲ್ಲಿ, ಒಳಗೆ ಹೋದದ್ದೂ ಹೊರಗೆ ಹೋದದ್ದೂ ಸರಿಸಮ ಆಗಿದೆ. ಓದಲು ಕಷ್ಟ, ಗೊತ್ತು. ಆದರೆ ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಇದರರ್ಥ ಅಲ್ಲ. ‘ಸರಾಸರಿ’ ಎನ್ನುವ ಪದವನ್ನು ಗಮನಿಸಿ.

1992ರಲ್ಲಿ ಅಮೆರಿಕದ ಸಂಶೋಧಕರು ನಿಮ್ಮಂಥವರನ್ನೇ ಹುಡುಕಿ ಪರೀಕ್ಷೆ ಮಾಡಿದರು. 1200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಜನ ಅವರು. ವಿಶೇಷ ಬಗೆಯ ನೀರು ಕುಡಿಸಿ ದೇಹದ ನಿಜವಾದ ಖರ್ಚನ್ನು ಅಳೆದರು. ಅವರ ಮೆಟಬಾಲಿಸಂನಲ್ಲಿ ಯಾವ ದೋಷವೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ತಿಂದದ್ದನ್ನು ಅವರು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು, ದೈಹಿಕ ಚಟುವಟಿಕೆಯನ್ನು ಶೇ 51ರಷ್ಟು ಜಾಸ್ತಿ ಬರೆದಿದ್ದರು. ಬೇಕಂತಲೇ ಮಾಡಿದ್ದಲ್ಲ. ಮನುಷ್ಯರ ಕಣ್ಣಳತೆಯೇ ಅಷ್ಟು. ಊಟದ ಲೆಕ್ಕವೇ ವೃತ್ತಿಯಾದ ಆಹಾರ ತಜ್ಞರು ಕೂಡ ತಮ್ಮದನ್ನು ಕಡಿಮೆ ಬರೆಯುತ್ತಾರೆ.

ಎಲ್ಲಿ ತಪ್ಪುತ್ತದೆ? ಎಣ್ಣೆಯಲ್ಲಿ, ಮೊದಲನೆಯದಾಗಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲರಿ. ಬಾಟಲಿಯಿಂದ ನೇರ ಬಾಣಲೆಗೆ ಸುರಿದರೆ ಒಂದು ಚಮಚವೋ ಮೂರೋ ಯಾರಿಗೆ ಗೊತ್ತು? ಒಂದು ಹಿಡಿ ಬೀಜಗಳು ಆರೋಗ್ಯಕ್ಕೆ ಒಳ್ಳೆಯದೇ, ಆದರೆ 30 ಗ್ರಾಂಗೆ 170ರ ಮೇಲೆ ಆಗುತ್ತದೆ. ಹಿಡಿ ಯಾರದು ಎನ್ನುವುದು ಇನ್ನೊಂದು ಪ್ರಶ್ನೆ. ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಗು ತಟ್ಟೆಯಲ್ಲಿ ಬಿಟ್ಟದ್ದನ್ನು ಚೆಲ್ಲಲು ಮನಸ್ಸಾಗದೆ ಬಾಯಿಗೆ ಹಾಕಿಕೊಂಡದ್ದು, ಆಫೀಸಲ್ಲಿ ಯಾರೋ ಕೊಟ್ಟ ಒಂದು ತುಂಡು ಸಿಹಿ. ಇವು ಯಾವ ಆ್ಯಪ್‌ಗೂ ಹೋಗಲ್ಲ. ಹನಿ ಹನಿಗೂಡಿದರೆ ಹಳ್ಳ ಅಂತಾರಲ್ಲ, ದಿನಕ್ಕೆ 300 ಸೇರಲು ಇಷ್ಟು ಸಾಕು.

ಇನ್ನು ಭಾನುವಾರ. ಆರು ದಿನ ನೀವು ಬರೆದ 1200 ನಿಜದಲ್ಲಿ 1500 ಇದೆ ಅಂದುಕೊಳ್ಳಿ. ಅದೂ ಒಳ್ಳೆಯ ಸಾಧನೆಯೇ. ಭಾನುವಾರ ಆರು ದಿನದ ಹಸಿವೆಲ್ಲ ಒಟ್ಟಿಗೆ ಎದ್ದು ಕೂರುತ್ತದೆ. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕಾದವರಿಗೆ ರಜೆಯ ದಿನ 3500 ಕ್ಯಾಲರಿ ದಾಟುವುದು ಕಷ್ಟವೇ ಅಲ್ಲ. ಎಲ್ಲ ಕೂಡಿಸಿ ಏಳರಿಂದ ಭಾಗಿಸಿ. ದಿನಕ್ಕೆ ಸುಮಾರು 1790 ಬರುತ್ತದೆ. ಮೇಲಿನ ಲೆಕ್ಕದಲ್ಲಿ ಉಳಿದ 1700ರ ಪಕ್ಕಕ್ಕೇ ಬಂದು ನಿಂತಿತು. ನಿಮ್ಮ ನೆನಪಲ್ಲಿ ಮಾತ್ರ ವಾರದ ಆರು ದಿನ ಕಟ್ಟುನಿಟ್ಟು ಇದೆ, ಅದು ಸುಳ್ಳೂ ಅಲ್ಲ.

ವಾಚ್ ತೋರಿಸುವ 550ನ್ನು ನಾನು ನಂಬಲ್ಲ. ನಿಮ್ಮ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಸುಮಾರು 300 ಖರ್ಚಾಗುತ್ತದೆ. ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದದ್ದನ್ನು ಅದರಲ್ಲಿ ಕಳೆದರೆ ಇನ್ನೂ ಕಡಿಮೆ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ನಾಡಿಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಹೇಳಿದವು. ಕ್ಯಾಲರಿಯಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತ್ತು.

ವ್ಯಾಯಾಮದ ಇನ್ನೊಂದು ಗುಟ್ಟು ಇದೆ. ಬೆಳಿಗ್ಗೆ ಐದಕ್ಕೆ ಬೆವರು ಸುರಿಸಿದವರು ಉಳಿದ ದಿನ ಏನು ಮಾಡುತ್ತಾರೆ? ಗೊತ್ತಿಲ್ಲದೆಯೇ ಕಡಿಮೆ ಓಡಾಡುತ್ತಾರೆ. ಮೆಟ್ಟಿಲಿನ ಬದಲು ಲಿಫ್ಟ್, ನಿಂತು ಮಾಡುತ್ತಿದ್ದ ಕೆಲಸ ಕೂತು, ಸಂಜೆ ಸೋಫಾ. ಕಡಿಮೆ ತಿಂದ ದೇಹವಂತೂ ಇದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಜಿಮ್ ಬಿಟ್ಟು ಉಳಿದ ಈ ಸಣ್ಣಪುಟ್ಟ ಓಡಾಟದ ಖರ್ಚು ಚಿಕ್ಕದಲ್ಲ. ಒಂದೇ ಗಾತ್ರದ ಇಬ್ಬರ ನಡುವೆ ದಿನಕ್ಕೆ ಸಾವಿರ ಕ್ಯಾಲರಿಗೂ ಜಾಸ್ತಿ ವ್ಯತ್ಯಾಸ ಇರಬಹುದು. ‘ಅವಳು ಏನು ತಿಂದರೂ ದಪ್ಪ ಆಗಲ್ಲ’ ಎನ್ನುತ್ತೇವಲ್ಲ, ಅವಳನ್ನು ಒಂದು ದಿನ ಗಮನಿಸಿ. ಒಂದು ಕಡೆ ಕೂತಿರಲ್ಲ.

ಈಗ ಗೆಳತಿಯ ಮಾತು. ಅದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಇಷ್ಟು ಹರಡಿದೆ. ತೂಕ ಇಳಿದರೆ ದೇಹದ ಖರ್ಚು ಇಳಿಯುತ್ತದೆ, ಗಾತ್ರಕ್ಕೆ ತಕ್ಕದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಕೆಲವೇ ತಿಂಗಳಲ್ಲಿ ಸರಾಸರಿ 58 ಕೆ.ಜಿ. ಇಳಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ಅವರ ದೇಹ ವಿಶ್ರಾಂತಿಯಲ್ಲಿ, ಗಾತ್ರಕ್ಕೆ ತಕ್ಕದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಸುಡುತ್ತಿತ್ತು. 2016ರಲ್ಲಿ ಆ ಫಲಿತಾಂಶ ಬಂದಾಗಿನಿಂದ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಅದು ಅತಿರೇಕದ ಪ್ರಕರಣ. ನೀವು ಇಳಿಸಿದ್ದು 5 ಕೆ.ಜಿ.

‘ಕಡಿಮೆ ತಿಂದರೆ ತೂಕ ಇಳಿಯುವುದೇ ನಿಂತುಹೋಗುತ್ತದೆ’ ಎಂಬ ಭಾಗ ಮಾತ್ರ ಸುಳ್ಳು. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ 36 ಗಂಡಸರ ಮೇಲೆ ಹಸಿವಿನ ಪ್ರಯೋಗ ನಡೆಸಿದರು. ಯುದ್ಧದ ಕಾಲ, ಎಲ್ಲರೂ ಸ್ವಯಂಸೇವಕರು. ಆರು ತಿಂಗಳು ಅರೆಹೊಟ್ಟೆ. ಅವರ ಮೆಟಬಾಲಿಸಂ ಸುಮಾರು ಶೇ 40ರಷ್ಟು ಕುಸಿಯಿತು. ಕಾಲು ಊದಿಕೊಂಡವು, ಅಂದರೆ ನೀರು ತುಂಬಿತು. ಅಡುಗೆ ಪುಸ್ತಕಗಳನ್ನು ಕಥೆಯ ಹಾಗೆ ಓದತೊಡಗಿದರು, ಊಟದ ವಿಷಯ ಬಿಟ್ಟು ಬೇರೆ ಯೋಚನೆಯೇ ಇಲ್ಲ. ಅಷ್ಟಾದರೂ ತೂಕ ಇಳಿಯುತ್ತಲೇ ಹೋಯಿತು, ಸುಮಾರು ಕಾಲು ಭಾಗ. ಹಾಗಾಗಿ ‘ಜಾಸ್ತಿ ತಿಂದರೆ ಇಳಿಯುತ್ತೆ’ ಎಂಬ ಸಲಹೆಯನ್ನು ಆ ಅರ್ಥದಲ್ಲಿ ತಗೊಳ್ಳಬೇಡಿ. ಇನ್ನೊಂದು ಅರ್ಥದಲ್ಲಿ ಗೆಳತಿ ಗೆಲ್ಲುತ್ತಾರೆ, ಅದಕ್ಕೆ ಬರುತ್ತೇನೆ.

ವಯಸ್ಸಿನ ಮೇಲೂ ಗೂಬೆ ಕೂರಿಸಬೇಡಿ. 2021ರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಮಾಡಿ ನೋಡಿದಾಗ, ದೇಹದ ಗಾತ್ರವನ್ನು ಲೆಕ್ಕಕ್ಕೆ ತಗೊಂಡರೆ 20ರಿಂದ 60ರವರೆಗೆ ಖರ್ಚು ಹೆಚ್ಚುಕಡಿಮೆ ಒಂದೇ ಇತ್ತು.

ಟ್ರೇನರ್ ಹೇಳಿದ 900 ಯಾಕೆ ಬೇಡ? ಅಷ್ಟರಲ್ಲಿ ಬೇಕಾದಷ್ಟು ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಹಿಡಿಸುವುದು ಬಹಳ ಕಷ್ಟ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತುಂಬಾ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಅಪಾಯ ಇದೆ. ಮುಟ್ಟು ಏರುಪೇರಾಗಬಹುದು, ಕೂದಲು ಉದುರಬಹುದು. ಊಟ ತಪ್ಪಿಸಿದರೆ ಕೆಲವರಿಗೆ ಮೈಗ್ರೇನೂ ಜೋರಾಗುತ್ತದೆ. ದಿನಕ್ಕೆ 800ರ ಡಯಟ್‌ಗಳು ವೈದ್ಯಕೀಯದಲ್ಲಿ ಇಲ್ಲ ಅಂತಲ್ಲ, ಇವೆ, ಆದರೆ ವೈದ್ಯರ ಕಣ್ಗಾವಲಿನಲ್ಲಿ, ಕೆಲವು ವಾರಗಳಿಗೆ ಮಾತ್ರ. ಎಲ್ಲಕ್ಕಿಂತ ಮುಖ್ಯ, 1200ರ ನಂತರದ ಭಾನುವಾರವೇ ಹೀಗಿದ್ದರೆ 900ರ ನಂತರದ ಭಾನುವಾರ ಹೇಗಿರುತ್ತದೆ, ಯೋಚಿಸಿ.

ಉಳಿದದ್ದು ನಿದ್ದೆ ಮತ್ತು ಮಾತ್ರೆ. ಹನ್ನೊಂದೂವರೆಗೆ ಮಲಗಿ ಐದಕ್ಕೆ ಜಿಮ್‌ನಲ್ಲಿ ಅಂದರೆ, ಎದ್ದು ಹೊರಡುವ ಹೊತ್ತು ಕಳೆದರೆ ಐದು ಗಂಟೆಯೂ ನಿದ್ದೆ ಇಲ್ಲ. 2010ರ ಒಂದು ಸಣ್ಣ ಅಧ್ಯಯನ ನನಗೆ ಬಹಳ ಇಷ್ಟ. ಹತ್ತು ಜನರಿಗೆ ಒಂದೇ ಡಯಟ್. ಎರಡು ವಾರ ಎಂಟೂವರೆ ಗಂಟೆ ಮಲಗಲು ಬಿಟ್ಟರು, ಇನ್ನೆರಡು ವಾರ ಐದೂವರೆ ಗಂಟೆ. ಎರಡು ಸಲವೂ ಇಳಿದ ತೂಕ ಹೆಚ್ಚುಕಡಿಮೆ ಅಷ್ಟೇ. ಆದರೆ ಕಡಿಮೆ ನಿದ್ದೆಯಲ್ಲಿ ಇಳಿದ ಕೊಬ್ಬು ಅರ್ಧಕ್ಕಿಂತ ಕಡಿಮೆ, ಕರಗಿದ್ದು ಹೆಚ್ಚಾಗಿ ಸ್ನಾಯು. ಹಸಿವೂ ಜಾಸ್ತಿ. ನಿಮಗೆ ನಾನು ಒಂದೇ ಒಂದು ಬದಲಾವಣೆ ಹೇಳಬೇಕು ಅಂದರೆ, ಜಿಮ್ ನಾಲ್ಕು ದಿನಕ್ಕೆ ಇಳಿಸಿ, ಉಳಿದ ಬೆಳಗಿನ ಹೊತ್ತು ನಿದ್ದೆ ಮಾಡಿ ಅನ್ನುತ್ತೇನೆ. ಟ್ರೇನರ್‌ಗೆ ಸಿಟ್ಟು ಬರಲಿ ಪರವಾಗಿಲ್ಲ.

ಅಮಿಟ್ರಿಪ್ಟಿಲಿನ್ ಹಸಿವು ಜಾಸ್ತಿ ಮಾಡಿ ತೂಕ ಏರಿಸುವ ಮಾತ್ರೆ ಅಂತ ಚೆನ್ನಾಗಿ ಗೊತ್ತಿದೆ. ನಿಮಗೆ ಕೊಡುವಾಗ ಯಾರೂ ಹೇಳಿರಲಿಕ್ಕಿಲ್ಲ. ನೀವೇ ನಿಲ್ಲಿಸಬೇಡಿ, ತಲೆನೋವು ಮರಳಬಹುದು. ಬರೆದುಕೊಟ್ಟ ವೈದ್ಯರನ್ನೇ ಕೇಳಿ, ಮೈಗ್ರೇನ್ ತಡೆಯಲು ತೂಕ ಏರಿಸದ ಬೇರೆ ಔಷಧಗಳೂ ಇವೆ. ತೂಕ ಏರಿಸುವ ಔಷಧ ಇದೊಂದೇ ಅಲ್ಲ. ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಹಳೆಯ ಮಾತ್ರೆಗಳು, ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್, ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪಿನ್, ಮೂರ್ಛೆರೋಗದ ವಾಲ್‌ಪ್ರೊಯೇಟ್, ನರನೋವಿನ ಪ್ರೀಗ್ಯಾಬಲಿನ್ ಎಲ್ಲ ತೂಕ ಏರಿಸಬಲ್ಲವು.

ಥೈರಾಯ್ಡ್ ನಾರ್ಮಲ್ ಅಂದಿರಿ, ಅಲ್ಲಿಗೆ ಅದು ಮುಗಿಯಿತು. ಥೈರಾಯ್ಡ್ ನಿಜವಾಗಿ ಕಡಿಮೆ ಇದ್ದವರಲ್ಲೂ ಅದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆ.ಜಿ., ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ನಿಮ್ಮ ಮುಟ್ಟಿನ ಬಗ್ಗೆ ಏನೂ ಬರೆದಿಲ್ಲ. ತಿಂಗಳುಗಟ್ಟಲೆ ಬರದಿದ್ದರೆ, ಮುಖದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ ಪಿ.ಸಿ.ಒ.ಎಸ್. (ಹಾರ್ಮೋನ್ ಏರುಪೇರಾಗುವ ಅಂಡಾಶಯದ ತೊಂದರೆ) ಪರೀಕ್ಷೆ ಮಾಡಿಸಿ. ಜೋರಾಗಿ ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ, ಸುಮ್ನೆ ಮುಟ್ಟಿದರೂ ಚರ್ಮ ಕಂದುವುದು, ಕೂತಲ್ಲಿಂದ ಏಳಲು ತೊಡೆಯಲ್ಲಿ ಶಕ್ತಿ ಇಲ್ಲದಿರುವುದು ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಅತಿಯಾಗುವ ಕುಷಿಂಗ್ ಕಾಯಿಲೆಯ ಗುರುತುಗಳು. ಅಪರೂಪ, ಆದರೆ ಇದ್ದರೆ ತಡ ಮಾಡಬೇಡಿ.

ಹಾಗಾದರೆ ಮುಂದೇನು? ಎರಡು ವಾರ ಏನನ್ನೂ ಬದಲಿಸಬೇಡಿ. ಒಂದು ಅಡುಗೆ ತಕ್ಕಡಿ ತಗೊಂಡು, ಎಣ್ಣೆಯಿಂದ ಹಿಡಿದು ಎಲ್ಲವನ್ನೂ ಬಾಯಿಗೆ ಹೋಗುವ ಮುಂಚೆ ತೂಕ ಮಾಡಿ ಬರೆಯಿರಿ. ಭಾನುವಾರವನ್ನೂ. ತೂಕ ದಿನಾ ಬೆಳಿಗ್ಗೆ ನೋಡಿ, ಏಳು ದಿನದ ಸರಾಸರಿಯನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ದಿನಾ ನೋಡಿದರೆ ಮನಸ್ಸು ಕೆಡುತ್ತದೆ ಅನ್ನುವವರು, ಹಿಂದೆ ಊಟದ ಜೊತೆ ಜಗಳ ಇದ್ದವರು, ತಿಂದು ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದವರು ಈ ಬರವಣಿಗೆಗೆ ಇಳಿಯಲೇಬಾರದು. ಅವರಿಗೆ ಇದು ಔಷಧ ಅಲ್ಲ, ವಿಷ. ಸೊಂಟದ ಸುತ್ತಳತೆ ತಿಂಗಳಿಗೊಮ್ಮೆ ಟೇಪಿನಲ್ಲಿ ನೋಡಿ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ನಾನು ಈವರೆಗೆ ಹೇಳಿದ್ದರಲ್ಲಿ ಅರ್ಧ ನಿಮಗೆ ಅನ್ವಯಿಸುವುದೇ ಇಲ್ಲ.

ಆಮೇಲೆ, ಇಲ್ಲಿ ಗೆಳತಿ ಗೆಲ್ಲುತ್ತಾರೆ, ವಾರದ ದಿನಗಳಲ್ಲಿ ಜಾಸ್ತಿ ತಿನ್ನಿ. ತೂಕ ಮಾಡಿ ತಿಂದ ನಿಜವಾದ 1450, ಏಳೂ ದಿನ. ಭಾನುವಾರ ಬೇಕಿದ್ದರೆ 1800. ಬರೀ ಕಾಗದದ ಮೇಲಿನ 1200ಕ್ಕಿಂತ ಇದು ವಾರದ ಲೆಕ್ಕದಲ್ಲಿ ಕಡಿಮೆಯೇ. ದಿನಕ್ಕೆ 90 ಗ್ರಾಂ ಆಸುಪಾಸು ಪ್ರೋಟೀನ್ ಇರಲಿ, ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ. ಜಿಮ್‌ನಲ್ಲಿ ಭಾರ ಎತ್ತುವುದನ್ನು ಬಿಡಬೇಡಿ. ಇದರಿಂದ ವಾರಕ್ಕೆ ಕಾಲು ಕೆ.ಜಿ. ಇಳಿಯಬಹುದು. ನಿಧಾನ ಅನ್ನಿಸುತ್ತದೆ, ಅಲ್ವಾ? ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಬದಲಿಸಿಕೊಂಡವರಿಗೆ ಇಟ್ಟಿದ್ದ ಗುರಿ ಶೇ 7ರಷ್ಟು ತೂಕ ಇಳಿಕೆ ಮಾತ್ರ. ಮಧುಮೇಹ ಬರುವ ಸಾಧ್ಯತೆ ಶೇ 58ರಷ್ಟು ತಗ್ಗಿತು. ನಿಮ್ಮ 84ರಲ್ಲಿ ಶೇ 7 ಅಂದರೆ 6 ಕೆ.ಜಿ. ನೀವು ಆಗಲೇ 5 ಇಳಿಸಿದ್ದೀರಿ.

ಸುಸ್ತಾಗಿದ್ದರೆ ಇನ್ನೊಂದು ದಾರಿ, ಆರೆಂಟು ವಾರ ತೂಕ ಇಳಿಸುವ ಆಸೆಯನ್ನೇ ಬಿಟ್ಟು 79ರಲ್ಲೇ ಕಾಯ್ದುಕೊಳ್ಳುವುದು. ನಾನು ಇದನ್ನು ಎಷ್ಟೋ ಜನರಿಗೆ ಹೇಳುತ್ತೇನೆ, ಒಪ್ಪುವವರು ಕಡಿಮೆ.

ಇನ್ನು ಇಂಜೆಕ್ಷನ್. ನಿಮ್ಮ ಬಿ.ಎಂ.ಐ., ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ, ಸುಮಾರು 31.6. 30 ದಾಟಿದವರಿಗೆ ಅವನ್ನು ಕೊಡಬಹುದು, ಹಾಗಾಗಿ ನಿಮ್ಮ ಪ್ರಶ್ನೆ ತಪ್ಪೇನಲ್ಲ. ಸೋತವರ ದಾರಿ ಅಂತಲೂ ಅಂದುಕೊಳ್ಳಬೇಡಿ. ಈ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿದಿತ್ತು. ಇನ್ನೊಂದಾದ ಟಿರ್ಜೆಪಟೈಡ್‌ನ ಅತಿ ಹೆಚ್ಚು ಡೋಸ್‌ನಲ್ಲಿ 72 ವಾರಕ್ಕೆ ಸುಮಾರು ಶೇ 21. ಹಸಿವಿನ ಗಲಾಟೆ ತಲೆಯೊಳಗೆ ತಣ್ಣಗಾಗುತ್ತದೆ ಅಂತ ಜನ ಹೇಳುತ್ತಾರೆ. ಆದರೆ ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು ಆಗಬಹುದು, ಅಪರೂಪಕ್ಕೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಸ್ನಾಯುವೂ ಕರಗುತ್ತದೆ. ಮನೆತನದಲ್ಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ತಗೊಳ್ಳಬಾರದು. ಗರ್ಭಿಣಿಯಾಗುವ ಯೋಚನೆ ಇದ್ದರೆ ಸೆಮಾಗ್ಲುಟೈಡ್ ಎರಡು ತಿಂಗಳ ಮುಂಚೆಯೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಬಲವನ್ನೂ ಕುಗ್ಗಿಸುತ್ತದೆ. ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಮಾರುವವರು ಹೇಳಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿತ್ತು. ಬಿ.ಪಿ. ಮಾತ್ರೆಯ ಹಾಗೆ ವರ್ಷಗಟ್ಟಲೆ ತಗೊಳ್ಳಲು ಸಿದ್ಧರಿದ್ದರೆ ಯೋಚಿಸಿ, ಮದುವೆಯೊಂದಕ್ಕೆ ಸಣ್ಣ ಕಾಣಬೇಕು ಅಂತ ಬೇಡ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ಮಾತು ಈಗಲೇ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಮಾತ್ರೆ ಬದಲಾವಣೆ ಮತ್ತು ನಿದ್ದೆಗೆ ಮೂರು ತಿಂಗಳು ಕೊಡದೆ ಇಂಜೆಕ್ಷನ್‌ಗೆ ಹೋಗಬೇಡಿ. ಮೈಗ್ರೇನ್ ವೈದ್ಯರ ಬಳಿ ಹೋಗುವಾಗ ಎರಡು ವಾರ ಬರೆದ ಪುಸ್ತಕ, ಮಾತ್ರೆ ಶುರುವಾಗುವ ಮುಂಚಿನ ತೂಕ ನೆನಪಿದ್ದರೆ ಅದು, ಮುಟ್ಟಿನ ದಿನಾಂಕಗಳು, ಮೂರನ್ನೂ ಕೈಯಲ್ಲಿ ಹಿಡಿದು ಹೋಗಿ. ಸೋಮವಾರ ಬೇಡ, ಗುರುವಾರವೋ ಶುಕ್ರವಾರವೋ ಹೋಗಿ. ಅಲ್ಲಿಯೂ ಮೊದಲು ತೂಕ ನೋಡುತ್ತಾರೆ.